ಆಟದ ಕಟ್ಟಳೆಯೂ ಸಮತೆಯೂ

ಚೌಕಾಬಾರವನ್ನು ಅರಿಯದ ಕನ್ನಡ ಮನೆ ವಿರಳ. ಆದರೆ ಆ ಆಟದ ಕಟ್ಟಳೆಗಳು ಎಲ್ಲ ಮನೆಗಳಲ್ಲಿಯೂ ಒಂದೇ ಅಲ್ಲ. ಒಂದು ಮನೆಯಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದವನಿಗೆ ಒಳಸುತ್ತಿಗೆ ಪ್ರವೇಶವಿಲ್ಲ. ಇನ್ನೊಂದು ಮನೆಯಲ್ಲಿ ಆ ನಿರ್ಬಂಧವೇ ಇಲ್ಲ. ರಜೆಗೆ ಬಂದ ನೆಂಟರ ಮಕ್ಕಳೊಡನೆ ಆಡಲು ಕುಳಿತಾಗ “ನಮ್ಮ ಮನೆಯಲ್ಲಿ ಹೀಗಲ್ಲ” ಎಂಬ ಮಾತು ಹುಟ್ಟಿ, ಕವಡೆ ಉರುಳುವ ಮೊದಲೇ ಜಗಳವಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಮನೆಯ ಕಟ್ಟಳೆ ತಪ್ಪಲ್ಲ. ಅದನ್ನು ಯಾವಾಗ, ಹೇಗೆ, ಯಾರಿಗಾಗಿ ಮಾಡಬೇಕೆಂಬುದೇ ವಿಚಾರಾರ್ಹವಾದ ವಿಷಯ.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಮೇಜಿನ ಸುತ್ತ ಕುಳಿತು, ಪ್ರತಿಯೊಬ್ಬನೂ ಒಂದೊಂದು ಪಾತ್ರವನ್ನು ವಹಿಸಿ, ಸೂತ್ರಧಾರನು ಹೇಳುವ ಕಥೆಯಲ್ಲಿ ಸಂಚರಿಸುವ ಆಟವಿದು. ದೇಹಬಲ, ಚುರುಕು, ಸಹನಶಕ್ತಿ, ಬುದ್ಧಿ, ವಿವೇಕ, ವರ್ಚಸ್ಸು ಎಂಬ ಆರು ಗುಣಗಳಿಗೆ ಮೂರು ಮೂರು ದಾಳಗಳನ್ನು ಉರುಳಿಸಿ ಅಂಕವನ್ನು ಪಡೆಯಬೇಕೆಂಬುದು ಮೊದಲ ವಿಧಿ.

ಕಳೆದ ದಸರಾ ರಜೆಯಲ್ಲಿ ನಾವು ಐವರು ಗೆಳೆಯರು ಇದನ್ನು ಆಡತೊಡಗಿದೆವು. ಒಬ್ಬನಿಗೆ 17, 16 ಬಿದ್ದವು. ಎಲ್ಲರಿಗಿಂತ ಕಿರಿಯವನಿಗೆ 9ನ್ನು ಮೀರಿದ ಅಂಕವೇ ಬೀಳಲಿಲ್ಲ. ಇನ್ನೊಬ್ಬನಿಗೂ ಕೆಟ್ಟ ಅಂಕಗಳೇ ಬಂದವು. ಆದರೆ ಆತ ಸೂತ್ರಧಾರನ ಆಪ್ತನಾದುದರಿಂದ ಮತ್ತೊಮ್ಮೆ ಉರುಳಿಸುವ ಅನುಮತಿ ದೊರೆಯಿತು. ಕಿರಿಯವನೂ ಅದನ್ನೇ ಕೇಳಿದಾಗ “ಕಟ್ಟಳೆ ಎಂದರೆ ಕಟ್ಟಳೆ” ಎಂದುಬಿಟ್ಟೆವು. ಮೂರನೆಯ ದಿನ ಅವನು ಬರಲಿಲ್ಲ. ಆಟ ಅಲ್ಲಿಗೇ ನಿಂತಿತು. ಅವನನ್ನು ಹೊರಗಟ್ಟಿದ್ದು ದಾಳವಲ್ಲ, ನಾವು.

ಅಂದಿನಿಂದ ಈ ವಿಷಯವನ್ನು ಲೆಕ್ಕ ಹಾಕಿ ನೋಡಿದೆವು. ಮೂರು ದಾಳಗಳು 216 ಬಗೆಗಳಲ್ಲಿ ಬೀಳಬಹುದು. ಅವುಗಳಲ್ಲಿ 18 ದೊರೆಯುವುದು ಒಂದೇ ಬಗೆಯಲ್ಲಿ. ಸರಾಸರಿ ಹತ್ತೂವರೆ. ನಾಲ್ಕು ದಾಳಗಳನ್ನು ಉರುಳಿಸಿ ಅತಿ ಕಡಿಮೆಯದನ್ನು ಬಿಟ್ಟುಬಿಡುವ ಕ್ರಮವೊಂದುಂಟು. ಆಗ 1296 ಬಗೆಗಳಲ್ಲಿ 21 ಬಗೆಗಳು 18ನ್ನು ಕೊಡುತ್ತವೆ. ಸರಾಸರಿಯೂ 12ನ್ನು ಮೀರುತ್ತದೆ. ಈ ಔದಾರ್ಯವನ್ನೇ ಸಮತೆಯೆಂದು ಅನೇಕರು ಭಾವಿಸುತ್ತಾರೆ. ಅದು ಭ್ರಮೆ. ಎಲ್ಲರ ಅಂಕವೂ ಏರುತ್ತದೆ, ನಿಜ. ಆದರೆ ಅದೃಷ್ಟವಂತನಿಗೂ ಅದೃಷ್ಟಹೀನನಿಗೂ ನಡುವಣ ಅಂತರವು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ.

ಈ ಅಂತರವನ್ನು ನೀಗಲು 2014ರ ಆವೃತ್ತಿಯಲ್ಲಿ ಬೇರೊಂದು ದಾರಿಯನ್ನೂ ಕೊಟ್ಟಿದ್ದಾರೆ. ಪ್ರತಿಯೊಬ್ಬನಿಗೂ 27 ಅಂಕಗಳ ಬಂಡವಾಳ. ಪ್ರತಿ ಗುಣವೂ 8ರಿಂದ ಆರಂಭ. 13ರವರೆಗೆ ಪ್ರತಿ ಮೆಟ್ಟಿಲಿಗೆ ಒಂದೊಂದು ಅಂಕದ ವೆಚ್ಚ. 14ಕ್ಕೂ 15ಕ್ಕೂ ಎರಡೆರಡು. ಒಂದು ಗುಣದಲ್ಲಿ ಶ್ರೇಷ್ಠನಾಗಬಯಸುವವನು ಇತರ ಗುಣಗಳಲ್ಲಿ ಬಡವನಾಗಲೇಬೇಕು. ಇದು ನ್ಯಾಯವಾದ ಕ್ರಮ. ಆದರೆ ಇದರಲ್ಲಿ ದಾಳದ ಕುತೂಹಲ ಮಾಯವಾಗುತ್ತದೆ ಎಂಬ ಆಕ್ಷೇಪವನ್ನು ನಾವು ಅಲ್ಲಗಳೆಯಲಾರೆವು. ಆದುದರಿಂದ ನಮಗೆ ಮೆಚ್ಚುಗೆಯಾದುದು ಮಧ್ಯಮಾರ್ಗ: ಎಲ್ಲರೂ ಸರದಿಯಂತೆ ದಾಳ ಉರುಳಿಸಿ ಆರು ಅಂಕಗಳನ್ನು ಪಡೆಯಲಿ, ಆ ಆರೇ ಅಂಕಗಳು ಎಲ್ಲರಿಗೂ ಸಲ್ಲಲಿ, ಯಾವ ಗುಣಕ್ಕೆ ಯಾವ ಅಂಕವೆಂಬುದನ್ನು ಅವರವರೇ ಆರಿಸಿಕೊಳ್ಳಲಿ. ಆಗ ಅದೃಷ್ಟವು ಸಮಸ್ತರ ಸೊತ್ತಾಗುತ್ತದೆ, ಆಯ್ಕೆ ಒಬ್ಬೊಬ್ಬನದಾಗುತ್ತದೆ.

ಕಟ್ಟಳೆಗಳ ಭೇದವು ಆಟಕ್ಕೆ ಅಡ್ಡಿಯಾಗಬೇಕಾಗಿಲ್ಲ ಎಂಬುದಕ್ಕೆ ಕೊಲ್ಕತ್ತಾ ನಗರದ ನಿದರ್ಶನವೊಂದಿದೆ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಲ್ಲಿ ಜಾನ್ ಕಾಕ್ರೇನ್ ಎಂಬ ಸ್ಕಾಟ್ಲೆಂಡಿನ ಬ್ಯಾರಿಸ್ಟರರು ಪ್ರಬಲ ಚದುರಂಗಪಟುಗಳಾಗಿದ್ದರು. ಬಂಗಾಳದ ಹಳ್ಳಿಗಾಡಿನಿಂದ ಬಂದ ಮಹೇಶಚಂದ್ರ ಬ್ಯಾನರ್ಜಿಯವರು ಅವರೊಡನೆ ಆಡಿದರು. ನಮ್ಮ ದೇಶದ ಹಳೆಯ ಪದ್ಧತಿಯಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದುವರಿಯಬೇಕು. ಪಾಶ್ಚಾತ್ಯ ಪದ್ಧತಿಯಲ್ಲಿ ಎರಡು ಮನೆ ನಡೆಯಬಹುದು. ಮಹೇಶಚಂದ್ರರು ಪಾಶ್ಚಾತ್ಯ ಕಟ್ಟಳೆಗೆ ಒಪ್ಪಿ ಆಡಿದರೂ, ಕಾಲಾಳುಗಳನ್ನು ಮೆಲ್ಲನೆ ಮುಂದಿಟ್ಟು ಒಂಟೆಯನ್ನು ಬದಿಯಿಂದ ಹೊರಡಿಸುವ ತಮ್ಮ ಶೈಲಿಯನ್ನು ಬಿಡಲಿಲ್ಲ. ಇಂದು ಜಗತ್ತು ‘ಗ್ರುನ್‌ಫೆಲ್ಡ್ ರಕ್ಷಣೆ’ ಎಂದು ಕರೆಯುವ ವ್ಯೂಹದ ಮೊದಲ ದಾಖಲೆಯು 1855ರಲ್ಲಿ ಇವರಿಬ್ಬರ ನಡುವೆ ನಡೆದ ಆಟವೇ ಆಗಿದೆ. ಆ ಕಾಲದಲ್ಲಿ ಬಲ್ಲಿದನು ತನ್ನ ಕಾಲಾಳನ್ನೋ ಕುದುರೆಯನ್ನೋ ಬಿಟ್ಟುಕೊಟ್ಟು ಎಳೆಯನೊಡನೆ ಆಡುವ ರೂಢಿಯೂ ವ್ಯಾಪಕವಾಗಿತ್ತು. ಆದರೆ ಆ ರಿಯಾಯಿತಿಯನ್ನು ಮೊದಲ ನಡೆಗೆ ಮುನ್ನವೇ ಸಾರುತ್ತಿದ್ದರು. ಸೋಲು ಸಮೀಪಿಸಿದಾಗ ಅಲ್ಲ.

ಆದುದರಿಂದ ಸಹಪಾಠಿಗಳೇ, ನಿಮ್ಮ ಮನೆಯ ಕಟ್ಟಳೆಯನ್ನು ಧಾರಾಳವಾಗಿ ಮಾಡಿಕೊಳ್ಳಿರಿ. ಆದರೆ ಆಟಕ್ಕೆ ಮೊದಲೇ ಮಾಡಿರಿ. ಎಲ್ಲರ ಸಮ್ಮತಿಯಿಂದ ಮಾಡಿರಿ. ಆಪ್ತನಿಗೊಂದು, ಅನ್ಯನಿಗೊಂದು ಎಂದು ಮಾಡಬೇಡಿರಿ. ಎಲ್ಲ ಪಾತ್ರಗಳೂ ಒಂದೇ ಅಚ್ಚಿನವಾಗಬೇಕೆಂಬುದು ಸಮತೆಯಲ್ಲ. ಪ್ರತಿ ಪಾತ್ರಕ್ಕೂ ಕಥೆಯಲ್ಲಿ ಮಾಡಲು ಒಂದು ಕೆಲಸವಿರಬೇಕೆಂಬುದೇ ಸಮತೆ. ಈ ರಜೆಯಲ್ಲಿ ನಾವು ಮೊದಲು ನಮ್ಮ ಆ ಕಿರಿಯ ಗೆಳೆಯನ ಮನೆಗೆ ಹೋಗುವೆವು. ಕಟ್ಟಳೆಯ ಹೊಸ ಹಾಳೆಯನ್ನು ಅವನ ಕೈಯಿಂದಲೇ ಬರೆಸುವೆವು.