ಗುಮಾಸ್ತನ ಮೇಜಿನಿಂದ: ಅರ್ಧ ಮಿಲಿಮೀಟರಿನ ಗೆರೆ

ಹೋದ ಸಂಚಿಕೆಯಲ್ಲಿ ಪಡಿತರ ಚೀಟಿಯ ವಿಳಾಸ ಬದಲಾಯಿಸುವ ಕಷ್ಟವನ್ನು ಕುರಿತು ಬರೆದಿದ್ದೆ. ಈ ಸಲ ಇನ್ನೂ ಆಳವಾದ ವಿಷಯಕ್ಕೆ ಇಳಿಯುತ್ತಿದ್ದೇನೆ. ಆಳವೆಂದರೆ ಬರಿಯ ಮಾತಿನ ಆಳವಲ್ಲ, ಎಂಟುನೂರು ಅಡಿಯ ಆಳ.

ಮಧುಗಿರಿ ತಾಲ್ಲೂಕಿನಲ್ಲಿ ನಮಗೆ ನಾಲ್ಕು ಎಕರೆ ಜಮೀನಿದೆ. ಅದನ್ನು ಅಣ್ಣ ನೋಡಿಕೊಳ್ಳುತ್ತಾನೆ. ನಾನು ಈ ಚೆನ್ನೈಯಲ್ಲಿ ಕಡತ ನೋಡಿಕೊಳ್ಳುತ್ತೇನೆ. ಕಳೆದ ಮಾಘದಲ್ಲಿ ಒಂದು ರಾತ್ರಿ ಅಣ್ಣನ ಫೋನು ಬಂತು. ಎಂಟುನೂರು ಅಡಿಯವರೆಗೂ ಕೊರೆಸಿದ ಎರಡು ಬೋರುಗಳಲ್ಲಿ ಬರಿಯ ಕಲ್ಲುಪುಡಿ ಬಂದಿತ್ತು. ಮೂರನೆಯದಕ್ಕೆ ಕೈಯಲ್ಲಿ ದುಡ್ಡಿಲ್ಲ, ಅತ್ತಿಗೆಯ ಬಳೆ ಅಡವಿಡಬೇಕು ಎಂದ. ಆಮೇಲೆ ಸ್ವಲ್ಪ ತಡೆದು, “ಭೂಮಿಯೊಳಗೆ ಎಂಥ ಕಲ್ಲಿದೆ ಅಂತ ಸರಕಾರದೋರು ನಕ್ಷೆ ಮಾಡಿ ಇಟ್ಟಿದ್ದಾರಂತೆ. ನೀನು ಓದಿದೋನು, ಸರಕಾರಿ ಆಫೀಸಿನಲ್ಲಿದ್ದೀಯ. ಒಂದು ಸಲ ನೋಡಿ ಹೇಳಪ್ಪ, ಎಲ್ಲಿ ಕೊರೆಸೋದು ಅಂತ” ಎಂದ.

ನಾನು ಬಿ.ಎ. ಪಾಸು ಮಾಡಿದವನು. ಕಲ್ಲಿನ ವಿಷಯದಲ್ಲಿ ನನಗಿದ್ದ ಜ್ಞಾನ ಊಟದ ಅಕ್ಕಿಯಲ್ಲಿ ಸಿಕ್ಕುವಷ್ಟೆ. ಆದರೆ ಅಣ್ಣನಿಗೆ ಇಲ್ಲವೆನ್ನಲು ನಾಲಗೆ ಏಳಲಿಲ್ಲ.

ಅಣ್ಣ ಹೇಳಿದ್ದು ಸುಳ್ಳಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಹುಟ್ಟಿದ್ದು 1851ರಲ್ಲಿ. ನಮ್ಮ ಹಳೆಯ ಮೈಸೂರು ಸಂಸ್ಥಾನವಂತೂ 1894ರಲ್ಲಿ ತನ್ನದೇ ಭೂಗರ್ಭ ಇಲಾಖೆಯನ್ನು ತೆರೆಯಿತು. ಬ್ರೂಸ್ ಫೂಟ್ ಎಂಬವರು ಅದರ ಮೊದಲ ಮುಖ್ಯಸ್ಥರು. ಅವರ ತರುವಾಯ ಬಂದ ಸ್ಮೀತ್ ಮೊದಲಾದವರು ಸಂಸ್ಥಾನದ ಶಿಲೆಗಳನ್ನು ಗುರುತಿಸಿ, ಬಣ್ಣ ಹಚ್ಚಿ, ನಕ್ಷೆ ಮಾಡಿಟ್ಟರು. ಈಗ ಅಂಥ ಹಳೆಯ ಹಾಳೆಗಳೆಷ್ಟೋ ಕಂಪ್ಯೂಟರಿನ ಚಿತ್ರಗಳಾಗಿ ಸಿಕ್ಕುತ್ತವೆ. ಸರ್ವೇಕ್ಷಣಾ ಸಂಸ್ಥೆಯವರು ‘ಭೂಕೋಶ’ ಎಂಬ ತಮ್ಮ ಅಂತರಜಾಲ ಭಂಡಾರದಲ್ಲಿ 1:50,000 ಅಳತೆಯ ಮಾಹಿತಿಯನ್ನೂ ಇಟ್ಟಿದ್ದಾರೆ. ಹೆಸರು ನೋಂದಾಯಿಸಿದರೆ ಇಳಿಸಿಕೊಳ್ಳಬಹುದು.

ಇವನ್ನೆಲ್ಲ ಒಂದರ ಮೇಲೊಂದು ಹರಡಿ ನೋಡುವ ಸಾಧನಕ್ಕೆ ಜಿಐಎಸ್ ಎಂದು ಹೆಸರು. ಅದರಲ್ಲಿ ಕ್ಯೂಜಿಐಎಸ್ ಎಂಬ ತಂತ್ರಾಂಶವೊಂದಿದೆ. 2002ರಲ್ಲಿ ಗ್ಯಾರಿ ಶರ್ಮನ್ ಎಂಬವರು ಆರಂಭಿಸಿದ್ದು, ಕಾಸು ಕೊಡಬೇಕಾಗಿಲ್ಲ. ಅಡಿಗೆಮನೆಯಲ್ಲಿ ಗಾಜಿನ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಂತೆ ಹೊಲದ ಗಡಿ, ಕೆರೆ, ಹಳ್ಳ, ಕಲ್ಲುಗಳ ನಕ್ಷೆ ಎಲ್ಲವನ್ನೂ ಒಟ್ಟಿಗೆ ಇಟ್ಟು ಮೇಲಿನಿಂದ ನೋಡಬಹುದು.

ನನಗೆ ಮೊದಲು ದೊರೆತದ್ದು ಹಳೆಯ ಪುಸ್ತಕವೊಂದರ ಹಿಂದೆ ಮಡಿಸಿಟ್ಟಿದ್ದ ಹಾಳೆಯ ಪ್ರತಿ. ಒಂದು ಅಂಗುಲಕ್ಕೆ ಎಂಟು ಮೈಲಿ ಅಳತೆಯದು. ಅಂಥ ಚಿತ್ರಕ್ಕೆ ತಾನು ಭೂಮಿಯ ಮೇಲೆ ಎಲ್ಲಿದ್ದೇನೆಂದು ತಿಳಿಯದು, ನಾವೇ ಹೇಳಬೇಕು. ಅಕ್ಷಾಂಶ ರೇಖಾಂಶಗಳ ಗೆರೆ ಕೂಡುವ ನಾಲ್ಕಾರು ಕಡೆ ಗುರುತು ಮಾಡಿ, ಅಲ್ಲಿ ಮುದ್ರಿಸಿರುವ ಅಂಕಿಗಳನ್ನು ತುಂಬಿದರೆ ತಂತ್ರಾಂಶವು ಹಾಳೆಯನ್ನು ಎಳೆದು ಅದರ ಸ್ಥಾನದಲ್ಲಿ ಕೂರಿಸುತ್ತದೆ. ಮೂರು ರಾತ್ರಿ ಕುಳಿತು ಇದನ್ನು ಮಾಡಿದೆ. ಹಾಳೆಯ ಸುತ್ತಲಿನ ಅಂಚು ಉಳಿದ ಪದರಗಳನ್ನು ಮುಚ್ಚಿ ವಿಕಾರವಾಗಿ ಕಾಣುತ್ತಿತ್ತು. ಅದನ್ನು ಕತ್ತರಿಸಿ ತೆಗೆದೆ. ಈ ಕತ್ತರಿಯ ಕಥೆ ಮುಂದೆ ಬರುತ್ತದೆ, ನೆನಪಿಟ್ಟಿರಿ.

ಅಣ್ಣ ಹೊಲದಲ್ಲಿ ನಿಂತು ತನ್ನ ಫೋನಿನಿಂದ ಸ್ಥಳದ ಗುರುತು ಕಳಿಸಿದ. ಅದನ್ನು ನಕ್ಷೆಯ ಮೇಲಿಟ್ಟೆ. ಆಶ್ಚರ್ಯ! ಒಂದು ಕಪ್ಪು ಗೆರೆ ನಮ್ಮ ಹೊಲದ ನಟ್ಟನಡುವೆಯೇ ಹಾದುಹೋಗಿತ್ತು.

ಆ ಗೆರೆ ಡೈಕು ಎಂಬುದರ ಗುರುತು. ನಮ್ಮ ಸೀಮೆಯ ಕೆಳಗಿರುವುದು ಗಟ್ಟಿಶಿಲೆ. ರಾಮನಗರದ ಕಡೆಯಿಂದ ಮಧುಗಿರಿ, ಪಾವಗಡಗಳತ್ತ ಹಬ್ಬಿರುವ ಕ್ಲೋಸ್‌ಪೇಟೆ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಅಂಥ ಕಲ್ಲಿನ ಮೈಯಲ್ಲಿ ನೀರು ನಿಲ್ಲುವುದಿಲ್ಲ. ಮೇಲಿನ ಶಿಥಿಲವಾದ ಪದರದಲ್ಲಿ, ಒಳಗಿನ ಬಿರುಕುಗಳಲ್ಲಿ ಮಾತ್ರ ನೀರು. ಎಂದೋ ಒಂದು ಕಾಲದಲ್ಲಿ ಕೆಳಗಿನಿಂದ ಕರಗಿದ ಶಿಲೆ ಬಿರುಕಿನಲ್ಲಿ ಏರಿ ಹೆಪ್ಪುಗಟ್ಟಿ, ಕರಿಕಲ್ಲಿನ ಗೋಡೆಯಂತೆ ನಿಂತಿರುತ್ತದೆ, ಅದೇ ಡೈಕು. ಇಳಿಜಾರಿಗೆ ಅಡ್ಡವಾಗಿದ್ದರೆ ಅದು ನೆಲದೊಳಗಿನ ನೀರಿಗೆ ಏರಿಯಂತೆ ಅಡ್ಡ ನಿಲ್ಲುವುದುಂಟು. ಮೇಲುಮಗ್ಗುಲಲ್ಲಿ ನೀರು ಸಿಕ್ಕುವ ಸಂಭವ ಹೆಚ್ಚು. ಆದರೆ ಗೋಡೆಯೇ ಬಿರುಕು ಬಿಟ್ಟಿದ್ದರೆ ನೀರು ದಾಟಿಹೋಗುತ್ತದೆ.

ಇಷ್ಟು ಓದಿಕೊಂಡ ನನಗೆ ಗೆರೆ ಕಂಡೊಡನೆ ಭಗೀರಥನೇ ಆದಂತಾಯಿತು. ಪರದೆಯ ಮೇಲೆ ಹೊಲವನ್ನು ಹಿಗ್ಗಿಸಿ, ಗೆರೆಯ ಪಕ್ಕದಲ್ಲಿ ಒಂದು ಕೆಂಪು ಚುಕ್ಕೆ ಇಟ್ಟು, “ಅಣ್ಣ, ಇಲ್ಲಿ ಕೊರೆಸು” ಎಂದು ಫೋನಿನಲ್ಲಿ ಬರೆದೂ ಆಗಿತ್ತು. ಕಳಿಸುವುದೊಂದು ಬಾಕಿ.

ಎಂಟನೆಯ ತರಗತಿಯ ಮಗಳು ಹಿಂದೆ ನಿಂತಿದ್ದವಳು, “ಅಪ್ಪಾ, ಈ ಗೆರೆ ಎಷ್ಟು ದಪ್ಪ?” ಎಂದಳು.

“ಗೆರೆಗೆ ಎಂಥ ದಪ್ಪವೇ? ಅರ್ಧ ಮಿಲಿಮೀಟರಿರಬಹುದು.”

“ಅಲ್ಲಪ್ಪಾ, ಊರಿನಲ್ಲಿ ಎಷ್ಟು ದಪ್ಪ?”

ಲೆಕ್ಕ ಹಾಕಿದೆವು. ಅಂಗುಲಕ್ಕೆ ಎಂಟು ಮೈಲಿ ಎಂದರೆ ಕಾಗದದ ಒಂದು ಅಳತೆಗೆ ನೆಲದ ಮೇಲೆ 5,06,880 ಅಳತೆ. ಅರ್ಧ ಮಿಲಿಮೀಟರಿನ ಗೆರೆ ನೆಲದ ಮೇಲೆ ಸುಮಾರು 253 ಮೀಟರು ಅಗಲ! ನಮ್ಮ ನಾಲ್ಕು ಎಕರೆಯನ್ನು ಚೌಕವಾಗಿ ಹರಡಿದರೆ ಒಂದೊಂದು ಬದಿ 127 ಮೀಟರು. ಎಂದರೆ ಹೊಲ, ಮನೆ, ಹುಣಿಸೆಮರ, ಅಣ್ಣ ಎಲ್ಲರೂ ಆ ಗೆರೆಯ ಮಸಿಯೊಳಗೇ ಮುಳುಗಿಹೋಗುತ್ತೇವೆ. ಕಂಪ್ಯೂಟರಿನಲ್ಲಿ ಎಷ್ಟು ಬೇಕಾದರೂ ಹಿಗ್ಗಿಸಬಹುದು. ಹಿಗ್ಗುವುದು ಚಿತ್ರವೇ ಹೊರತು ಅದನ್ನು ಬರೆದವರ ತಿಳಿವಳಿಕೆಯಲ್ಲ.

ಕಳಿಸದೆ ಬರೆದದ್ದನ್ನು ಅಳಿಸಿದೆ. ಅಂದು ರಾತ್ರಿ ನಿದ್ದೆ ಬರಲಿಲ್ಲ. ಹನ್ನೊಂದು ವರ್ಷದಿಂದ ಕಡತ ನೋಡುತ್ತಿರುವವನು ನಾನು. ಯಾವ ಕಾಗದ ಬಂದರೂ ಮೊದಲು ನೋಡುವುದು ಸಂಖ್ಯೆ, ತಾರೀಖು, ರುಜು, ಲಗತ್ತು; ಆಮೇಲೆ ಒಕ್ಕಣೆ. ಅಂಥವನು ನಕ್ಷೆಯ ವಿಷಯದಲ್ಲಿ ಒಕ್ಕಣೆಗೇ ಕೈಹಾಕಿ, ಸಂಖ್ಯೆ ತಾರೀಖುಗಳಿದ್ದ ಅಂಚನ್ನು ಕತ್ತರಿಸಿ ಎಸೆದಿದ್ದೆ!

ಮರುದಿನ ಕತ್ತರಿಸದ ಪ್ರತಿ ತೆಗೆದು ಅಂಚನ್ನು ಓದಿದೆ. ಅಖಂಡವಾದ ಗೆರೆ ಎಂದರೆ ಕಣ್ಣಾರೆ ಕಂಡದ್ದು, ತುಂಡುಗೆರೆ ಎಂದರೆ ಊಹಿಸಿದ್ದು ಎಂದು ಅಲ್ಲಿ ಮುದ್ರಿಸಿತ್ತು. ನಮ್ಮ ಹೊಲದ ಬಳಿಯದು ತುಂಡುಗೆರೆ. ಅದನ್ನು ನನ್ನ ಪದರಕ್ಕೆ ನಕಲು ಮಾಡುವಾಗ ಚೆಂದವಾಗಿ ಕಾಣಲೆಂದು ಅಖಂಡವಾಗಿ ಎಳೆದವನು ನಾನೇ. ಮುದ್ರಿಸಿದವರು ಪ್ರಾಮಾಣಿಕರು, ನಕಲುಗಾರ ಅಲ್ಲ.

ಇನ್ನೊಂದು ತೊಡಕೂ ಇತ್ತು. ನಮ್ಮ ಚೆನ್ನೈಯ ಪರಂಗಿಮಲೆಯ ಬಳಿ 1802ರಲ್ಲಿ ಲ್ಯಾಂಬ್ಟನ್ ಸುಮಾರು ಏಳೂವರೆ ಮೈಲಿಯ ಆಧಾರರೇಖೆಯನ್ನು ಅಳೆದು ಮಹಾ ಮೋಜಣಿಯನ್ನು ಆರಂಭಿಸಿದ. ಅವನ ನಂತರ ಬಂದ ಎವರೆಸ್ಟ್ 1830ರಲ್ಲಿ ಭೂಮಿಯ ಆಕಾರಕ್ಕೆ ಒಂದು ಲೆಕ್ಕ ಕೊಟ್ಟ. ಭಾರತದ ಹಳೆಯ ನಕ್ಷೆಗಳು ಆ ಲೆಕ್ಕದವು. ಅಣ್ಣನ ಫೋನು ಬಳಸುವುದು ಡಬ್ಲ್ಯುಜಿಎಸ್ 84 ಎಂಬ ಈಗಿನ ಲೆಕ್ಕ. ಎರಡರಲ್ಲೂ ಒಂದೇ ಅಂಕಿ ಬರೆದರೆ ನೆಲದ ಮೇಲೆ ನೂರು ಮೀಟರಿಗೂ ಮೀರಿ ವ್ಯತ್ಯಾಸ ಬರುತ್ತದೆ. ಹಾಳೆ ಯಾವ ಲೆಕ್ಕದ್ದೆಂದು ತಂತ್ರಾಂಶಕ್ಕೆ ತಿಳಿಸಿದರೆ ಅದು ತಾನೇ ಸರಿಪಡಿಸುತ್ತದೆ. ತಿಳಿಸದಿದ್ದರೆ ಬಾಯಿ ಮುಚ್ಚಿಕೊಂಡು ತಪ್ಪು ಜಾಗದಲ್ಲಿ ಕೂರಿಸುತ್ತದೆ.

ಆಮೇಲೆ ಭೂಕೋಶದ 1:50,000ದ ಮಾಹಿತಿ ಇಳಿಸಿದೆ. ಹಳೆಯ ಕ್ರಮದಲ್ಲಿ ಮಧುಗಿರಿ ಇರುವ ಹಾಳೆ 57 ಜಿ/2. ಒಂದೊಂದು ಪದರವೂ ಒಂದೇ ಹೆಸರಿನ ನಾಲ್ಕೈದು ಕಡತಗಳ ಕಟ್ಟಾಗಿ ಬರುತ್ತದೆ: ಒಂದರಲ್ಲಿ ಆಕಾರ, ಒಂದರಲ್ಲಿ ಕಲ್ಲಿನ ಹೆಸರಿನ ಪಟ್ಟಿ, ಒಂದರಲ್ಲಿ ಯಾವ ಲೆಕ್ಕ ಎಂಬ ಷರಾ. ಲಗತ್ತು ಕಳೆದರೆ ಅರ್ಜಿ ನಿಂತಂತೆ, ಒಂದನ್ನು ಬಿಟ್ಟರೂ ಕೆಲಸ ಕೆಡುತ್ತದೆ. ಇಲ್ಲಿ ಅರ್ಧ ಮಿಲಿಮೀಟರು 25 ಮೀಟರು. ಗೆರೆ ಈಗ ಹೊಲದ ನಡುವೆ ಇರಲಿಲ್ಲ. ಪೂರ್ವಕ್ಕೆ, ಇಳಿಜಾರಿನ ಕೆಳಗೆ ಸರಿದಿತ್ತು.

ಅಣ್ಣನಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: “ಎಲ್ಲಿ ಕೊರೆಸಬೇಕು ಅಂತ ನಕ್ಷೆ ಹೇಳೋದಿಲ್ಲ ಅಣ್ಣ. ಏನು ಕೇಳಬೇಕು ಅಂತ ಹೇಳುತ್ತೆ. ಬಳೆ ಅಡವಿಡೋದಕ್ಕೆ ಮುಂಚೆ ಭೂವಿಜ್ಞಾನಿ ಒಬ್ಬರನ್ನು ಹೊಲಕ್ಕೆ ಕರಕೊಂಡು ಬಾ.”

“ಒಂದು ತಿಂಗಳು ನೋಡಿ ಇಷ್ಟೇನಾ ಹೇಳೋದು?” ಎಂದ ಅಣ್ಣ. ಬೇಸರವಾಗಿತ್ತು. ಆದರೂ ಕರೆತಂದ.

ಬಂದವರು ನಾನು ಕಳಿಸಿದ ಪ್ರತಿ ಹಿಡಿದು ಪೂರ್ವದ ದಿಣ್ಣೆಯ ಮೇಲೆ ನಡೆದರು. ಪರದೆಯ ಗೆರೆಗಿಂತ ಎಂಬತ್ತು ಹೆಜ್ಜೆ ಆಚೆ ಕರಿಗುಂಡುಗಳ ಸಾಲು ಸಿಕ್ಕಿತು. ನೆಲದೊಳಗೆ ವಿದ್ಯುತ್ತು ಹಾಯಿಸಿ, ಅದಕ್ಕೆ ಎಲ್ಲಿ ಎಷ್ಟು ತಡೆಯೆಂದು ಅಳೆದರು. ಪಂಪಿನ ಮನೆಗೆ ಹತ್ತಿರವೆಂದು ಎರಡು ಬೋರು ಹಾಕಿಸಿ, ಮೂರನೆಯದನ್ನೂ ಹಾಕಿಸಬೇಕೆಂದಿದ್ದ ಪಶ್ಚಿಮದ ಮೂಲೆಯಲ್ಲಿ ಸ್ವಲ್ಪ ಕೆಳಗೇ ಗಟ್ಟಿಬಂಡೆ ಎಂದರು. ಪೂರ್ವದ ಮೂಲೆಯಲ್ಲಿ ಅಜ್ಜ ತೋಡಿಸಿದ ತೆರೆದ ಬಾವಿಯ ಹೂಳನ್ನು ಮೊದಲು ತೆಗೆಸಿ, ಬೋರಿನ ಮಾತು ಆಮೇಲೆ ಎಂದು ಹೇಳಿ ಹೋದರು. ಅಜ್ಜನ ಕಾಲದಲ್ಲಿ ಕ್ಯೂಜಿಐಎಸ್ ಇರಲಿಲ್ಲ.

ಹೂಳು ತೆಗೆದದ್ದಾಯಿತು. ಮಳೆಯೂ ಬಂತು. ಈಗ ಬಾವಿಯಲ್ಲಿ ಎರಡಾಳು ನೀರಿದೆ ಎಂದು ಅಣ್ಣ ಹೇಳುತ್ತಾನೆ. ಚೈತ್ರ ವೈಶಾಖಗಳ ಪರೀಕ್ಷೆ ಇನ್ನೂ ಬಾಕಿ. ಆದುದರಿಂದ ಗೆದ್ದೆವೆಂದು ನಾನು ಹೇಳುವುದಿಲ್ಲ.

ನಮ್ಮ ಸಂಘದ ಎಷ್ಟೋ ಮನೆಗಳಿಗೆ ಊರಿನಿಂದ ಇಂಥ ಫೋನು ಬರುತ್ತಿರಬಹುದು. ಹಳೆಯ ನಕ್ಷೆಗಳು ಸಾರ್ವಜನಿಕರ ಸೊತ್ತು, ಧಾರಾಳವಾಗಿ ಬಳಸಿರಿ. ಆದರೆ ಅಂಚನ್ನು ಮೊದಲು ಓದಿರಿ. ಎಷ್ಟು ಅಳತೆಯದು, ಯಾವ ವರ್ಷದ್ದು, ಯಾವ ಲೆಕ್ಕದ್ದು, ಕಂಡದ್ದೋ ಊಹಿಸಿದ್ದೋ, ಈ ನಾಲ್ಕಕ್ಕೆ ಉತ್ತರ ಸಿಕ್ಕಿದ ಮೇಲೆ ನಡುವಿನ ಬಣ್ಣಗಳನ್ನು ನೋಡಿರಿ.

ಕಳೆದ ವಾರ ಅತ್ತಿಗೆ ತಾವೇ ಫೋನು ಮಾಡಿದ್ದರು. ಮಾತಿನ ನಡುವೆ ಕಿಣಿಕಿಣಿ ಸದ್ದು ಕೇಳಿಸಿತು. ಬಳೆ ಇನ್ನೂ ಕೈಯಲ್ಲೇ ಇದೆ.