ಹಗ್ಗದ ಇನ್ನೊಂದು ತುದಿ

ಗತಿಸಿದವರನ್ನು ಕುರಿತು ಬರೆಯುವಾಗ ಅವರು ಹಿಡಿದಿದ್ದ ಹುದ್ದೆ, ಕಟ್ಟಿಸಿದ ಮನೆ, ಪಡೆದ ಸನ್ಮಾನ ಇವನ್ನು ಮೊದಲು ಹೇಳುವುದು ನಮ್ಮಲ್ಲಿ ರೂಢಿ. ಕಳೆದ ವರ್ಷ ತೀರಿಕೊಂಡ ನನ್ನ ಗೆಳೆಯನ ಬಗ್ಗೆ ಹಾಗೆ ಹೇಳಹೊರಟರೆ ಎರಡು ಸಾಲಿಗೆ ಮುಗಿದುಹೋದೀತು. ಆತ ಶಾಲೆಯ ಉಪಾಧ್ಯಾಯ. ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಕಡೆಯವನು. ಕೊನೆಯವರೆಗೂ ಬಾಡಿಗೆಯ ಮನೆಯಲ್ಲಿದ್ದ. ಶಾಲೆಯ ವಾರ್ಷಿಕೋತ್ಸವಗಳಲ್ಲಿ ಇತರರ ಕೊರಳಿಗೆ ಹಾರ ಹಾಕಿದ್ದನೇ ಹೊರತು ತಾನು ಹಾಕಿಸಿಕೊಂಡವನಲ್ಲ. ಆದರೆ ರಜೆ ಬಂದಿತೆಂದರೆ ಹಗ್ಗದ ಸುರುಳಿಯೊಂದನ್ನು ಹೆಗಲಿಗೇರಿಸಿ ಬಂಡೆಗಳನ್ನು ಹುಡುಕಿಕೊಂಡು ಹೊರಡುತ್ತಿದ್ದ. ಆ ಹಗ್ಗದ ಇನ್ನೊಂದು ತುದಿಯಲ್ಲಿ ಹಲವು ವರ್ಷ ನಾನಿದ್ದೆ. ಹೆಸರು ಅಚ್ಚಾಗುವುದು ಅವನಿಗೆ ಎಂದೂ ಹಿಡಿಸದ ಸಂಗತಿ. ಇಲ್ಲಿಯೂ ಅದನ್ನು ಬರೆಯುವುದಿಲ್ಲ.

ಅವನು ಹೋದ ಸುದ್ದಿ ಹೇಳಿದಾಗಲೆಲ್ಲ ಜನ ಕೇಳಿದ ಮೊದಲ ಪ್ರಶ್ನೆ ಒಂದೇ: “ಬಿದ್ದನೇ?” ಇಲ್ಲ, ಬೀಳಲಿಲ್ಲ. ಶ್ರಾವಣದ ಒಂದು ರಾತ್ರಿ ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ, ಹೃದಯ ನಿಂತಿತ್ತು. ಹೀಗೆಂದಾಗ ಕೆಲವರ ಮುಖದಲ್ಲಿ ಸಣ್ಣದೊಂದು ನಿರಾಶೆ ಸುಳಿದದ್ದನ್ನು ಕಂಡಿದ್ದೇನೆ. ಬಂಡೆ ಹತ್ತುವವನು ಬಂಡೆಯಿಂದಲೇ ಬಿದ್ದು ಸಾಯಬೇಕೆಂದು ಲೋಕಕ್ಕೆ ಅದೇಕೋ ಆಸೆ. ಇಪ್ಪತ್ತು ವರ್ಷ ಹತ್ತಿಯೂ ಹಾಸಿಗೆಯ ಮೇಲೆ ಕಣ್ಣು ಮುಚ್ಚುವುದಕ್ಕೆ ಎಷ್ಟು ಎಚ್ಚರ ಬೇಕೆಂಬುದನ್ನು ಯಾರೂ ಕೇಳುವುದಿಲ್ಲ.

ಪರಶುರಾಂಪುರದ ಸುತ್ತ ಹೆಚ್ಚಾಗಿ ಬಯಲು. ವೇದಾವತಿಯ ಮರಳು, ಶೇಂಗಾ ಹೊಲ, ಕುರಿಹಿಂಡು, ಆಚೆಗೆ ಆಂಧ್ರದ ಗಡಿ. ಇಂಥ ಕಡೆ ಹುಟ್ಟಿದವನಿಗೆ ಹತ್ತುವ ಹುಚ್ಚು ಎಲ್ಲಿಂದ ಬಂತೆಂದು ಒಮ್ಮೆ ಕೇಳಿದ್ದೆ. ಆ ಸೀಮೆಯ ಪುರ್ಲಹಳ್ಳಿಯ ಬಳಿ ಕಾಡುಗೊಲ್ಲರು ತಮ್ಮ ಕ್ಯಾತಪ್ಪದೇವರ ಜಾತ್ರೆ ನಡೆಸುತ್ತಾರೆ. ಮುಳ್ಳುಕಂಟಿಗಳನ್ನು ಎತ್ತರಕ್ಕೆ ಒಟ್ಟಿ ದೇವರಿಗೆ ಗುಡಿ ಕಟ್ಟುತ್ತಾರೆ, ತುದಿಯಲ್ಲಿ ಕಳಶ. ಅದನ್ನು ಕೀಳುವ ದಿನ ವ್ರತ ಹಿಡಿದ ಗಂಡಸರು ಬರಿಗಾಲಲ್ಲಿ ಆ ಮುಳ್ಳಿನ ಮೇಲೆಯೇ ಏರಿಹೋಗುತ್ತಾರೆ. ತಂದೆಯ ಹೆಗಲ ಮೇಲೆ ಕುಳಿತು ಹುಡುಗ ಅದನ್ನು ನೋಡಿದ್ದನಂತೆ. “ಎಲ್ಲರೂ ಕಳಶ ನೋಡ್ತಿದ್ರು; ನಾನು ಅವರ ಕಾಲು ನೋಡ್ತಿದ್ದೆ,” ಎಂದ. ಬಂಡೆಯ ಮೇಲೆಯೂ ಅವನ ಕಣ್ಣು ಸದಾ ಕಾಲಿನ ಕಡೆಗೇ. ಹೊಸಬರು ಮೇಲೆ ಕೈಗೆ ಏನು ಸಿಕ್ಕೀತೆಂದು ತಡಕಾಡುತ್ತಾರೆ. ಬಲ್ಲವರು ಕಾಲನ್ನು ಊರಿ ಮೈಯ ಭಾರವನ್ನು ಅದಕ್ಕೆ ಒಪ್ಪಿಸಿ ಏಳುತ್ತಾರೆ.

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟಕ್ಕೆ ನನ್ನನ್ನು ಮೊದಲು ಕರೆದೊಯ್ದವನೂ ಅವನೇ. ಜಟಾಯು ರಾವಣನೊಡನೆ ಹೋರಾಡಿದ ಸ್ಥಳವಿದೆಂದು ಅಲ್ಲಿಯ ಐತಿಹ್ಯ. ಅಲ್ಲೊಂದು ಬಂಡೆಯ ಮೇಲೆ ಅಶೋಕನ ಶಾಸನವಿದೆ. ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರಗಳ ಶಾಸನಗಳೊಡನೆ 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದದ್ದು. ಜಾತ್ರೆಗೆ ಬಂದ ಬಳೆಗಾರರು ತಲೆಮಾರುಗಳ ಕಾಲ ಅದರ ಮೇಲೆಯೇ ಮಲಾರ ಬಿಚ್ಚುತ್ತಿದ್ದುದರಿಂದ ಅದಕ್ಕೆ ಬಳೆಗಾರ ಗುಂಡು ಎಂದೇ ಹೆಸರು. ಅಕ್ಷರಗಳು ಬಹುಮಟ್ಟಿಗೆ ಸವೆದುಹೋಗಿವೆ. ಗೆಳೆಯ ಆ ಬಂಡೆಯನ್ನು ಸವರಿ, “ಚಕ್ರವರ್ತಿ ಕೊರೆಸಿದ ಕಲ್ಲೇ ಸವೆದದ್ದಾಯಿತು, ಇನ್ನು ನನ್ನ ಹಗ್ಗದ ಪಾಡೇನು!” ಎಂದು ನಕ್ಕಿದ್ದ. ನಕ್ಕದ್ದು ನಿಜ, ಆದರೆ ಹಗ್ಗದ ವಿಷಯದಲ್ಲಿ ಆತ ತಮಾಷೆ ಮಾಡುವವನಲ್ಲ.

ಆ ಹಗ್ಗದ ವಿಷಯವನ್ನು ವಾಚಕರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬಂಡೆ ಹತ್ತುವವನು ಹಗ್ಗವನ್ನು ಹಿಡಿದು ಹತ್ತುವುದಿಲ್ಲ, ಹತ್ತುವುದು ಕೈಕಾಲುಗಳಿಂದಲೇ. ಹಗ್ಗವಿರುವುದು ಜಾರಿದಾಗ ಹಿಡಿಯುವುದಕ್ಕೆ. ಒಂದು ತುದಿ ಹತ್ತುವವನ ಸೊಂಟಪಟ್ಟಿಗೆ ಬಿಗಿದಿರುತ್ತದೆ. ಕೆಳಗೆ ನಿಂತ ಜೊತೆಗಾರ ಅದನ್ನು ಅಳತೆಯಲ್ಲಿ ಬಿಡುತ್ತ, ಎಳೆದುಕೊಳ್ಳುತ್ತ, ಬಿದ್ದ ಕ್ಷಣದಲ್ಲಿ ಬಿಗಿಹಿಡಿಯಬೇಕು. ಹತ್ತುವವರ ಬಾಯಲ್ಲಿ ಇದಕ್ಕೆ ಬಿಲೇ ಎನ್ನುತ್ತಾರೆ. ಮೊದಲು ಸೆಣಬಿನ ಹಗ್ಗಗಳೇ ಗತಿಯಾಗಿದ್ದವು. 1953ರಲ್ಲಿ ಜರ್ಮನಿಯ ಎಡೆಲ್‌ರಿಡ್ ಕಾರ್ಖಾನೆಯವರು ಒಳಗೆ ನೈಲಾನ್ ಎಳೆಗಳ ತಿರುಳು, ಹೊರಗೆ ಹೆಣೆದ ಕವಚ ಇರುವ ಹಗ್ಗವನ್ನು ತಂದರು. ಇಂದಿನ ಹಗ್ಗಗಳೆಲ್ಲ ಆ ಜಾತಿಯವು. ಬಿದ್ದವನ ಭಾರಕ್ಕೆ ಇವು ಹಿಗ್ಗಿ ಆ ಏಟನ್ನು ತಾವು ನುಂಗುತ್ತವೆ. ಇಲ್ಲದಿದ್ದರೆ ಹಗ್ಗ ತಡೆದರೂ ಸೊಂಟ ಮುರಿದೀತು. ಹಾಗೆ ನುಂಗಿದ ಒಂದೊಂದು ಏಟಿಗೂ ಹಗ್ಗ ಸ್ವಲ್ಪ ಸ್ವಲ್ಪವೇ ಸೋಲುತ್ತದೆ. ಬಿಸಿಲು ಅದನ್ನು ತಿನ್ನುತ್ತದೆ, ಕವಚದೊಳಗೆ ಹೊಕ್ಕ ಮರಳಿನ ಕಣ ತಿರುಳನ್ನು ಕೊಯ್ಯುತ್ತದೆ, ಬ್ಯಾಟರಿಯ ಆಮ್ಲ ತಾಗಿದರಂತೂ ಹೊರಗೆ ಗುರುತೇ ಇಲ್ಲದೆ ಒಳಗೆ ಸತ್ತಿರುತ್ತದೆ. ಒಮ್ಮೆಯೂ ಬಳಸದಿದ್ದರೂ ಹತ್ತು ವರ್ಷದ ಮೇಲೆ ನಂಬಬೇಡಿರೆಂದು ತಯಾರಿಸಿದವರೇ ಹೇಳುತ್ತಾರೆ.

ಗೆಳೆಯನ ಬಳಿ ಇದಕ್ಕಾಗಿಯೇ ಒಂದು ಪುಸ್ತಕವಿತ್ತು. ನಾವು ಅದನ್ನು ಹಗ್ಗದ ಜಾತಕ ಎಂದು ಹಾಸ್ಯ ಮಾಡುತ್ತಿದ್ದೆವು. ಕೊಂಡ ದಿನ, ಹೋದ ಬಂಡೆ, ಯಾರು ಎಷ್ಟೆತ್ತರದಿಂದ ಬಿದ್ದರು, ಎಲ್ಲಿ ಅಂಚಿಗೆ ಉಜ್ಜಿತು, ಎಲ್ಲವೂ ಮೇಷ್ಟ್ರ ದುಂಡಕ್ಷರದಲ್ಲಿ. ರಾಮನಗರದ ಒಂದು ಬಂಡೆಯ ಮೇಲೆ, ತುದಿ ಇನ್ನು ಎರಡಾಳಿನಷ್ಟು ದೂರವಿದೆ ಎನ್ನುವಾಗ, ಹಗ್ಗ ಒಂದು ಅಂಚಿಗೆ ತೀಡುತ್ತಿರುವುದನ್ನು ಕಂಡು ಆತ ಅಲ್ಲಿಂದಲೇ ಇಳಿದುಬಂದ. ಕೆಳಗಿದ್ದ ತರುಣರು ಇನ್ನೇನು ಮುಗಿಯಿತೆಂದು ಕೂಗಿ ಹುರಿದುಂಬಿಸುತ್ತಿದ್ದರು. ಇಳಿದವನು ಮಾತಾಡದೆ ಹಗ್ಗವನ್ನು ಬೆರಳಲ್ಲಿ ಅಂಗುಲ ಅಂಗುಲವಾಗಿ ಮುಟ್ಟಿನೋಡಿ, ಪುಸ್ತಕ ತೆಗೆದು ಬರೆದುಕೊಂಡ. “ಷೋಲೆ” ಚಿತ್ರದಿಂದ ಹೆಸರಾದ ಬೆಟ್ಟಗಳ ಊರು ಅದು. 2012ರಲ್ಲಿ ರಾಮದೇವರಬೆಟ್ಟ ರಣಹದ್ದುಗಳ ಧಾಮವಾದ ಮೇಲೆ ಆ ಬೆಟ್ಟದ ಕಡೆಗೆ ಹಗ್ಗ ಒಯ್ಯುವುದನ್ನೂ ಬಿಟ್ಟ. ಜಟಾಯುವಿನ ಕಡೆಯವನಲ್ಲವೇ!

ಹಗ್ಗದ ಬಗ್ಗೆ ಅವನಿಗಿದ್ದ ಭಯಭಕ್ತಿಗೆ ಕಾರಣ ಒಂದು ಹಳೆಯ ಕಥೆ. 1865ರ ಜುಲೈ 14ರಂದು ಏಳು ಜನ ಆಲ್ಪ್ಸ್ ಪರ್ವತದ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಬಾರಿಗೆ ಏರಿದರು. ಇಳಿಯುವಾಗ ಒಬ್ಬ ಜಾರಿದ. ಅವನೊಡನೆ ಮೂವರು ಎಳೆದುಹೋದರು. ಉಳಿದ ಮೂವರು ಬಂಡೆಯನ್ನು ತಬ್ಬಿ ನಿಂತರು, ನಡುವಿನ ಹಗ್ಗ ತುಂಡಾಯಿತು. ನಾಲ್ವರು ಸತ್ತರು. ಬದುಕಿದವರಲ್ಲಿ ಒಬ್ಬರಾದ ಎಡ್ವರ್ಡ್ ವಿಂಪರ್ ಆಮೇಲೆ ನೋಡಿದರೆ, ಅವರ ಬಳಿಯಿದ್ದ ಹಗ್ಗಗಳಲ್ಲಿ ಅತ್ಯಂತ ಹಳೆಯದೂ ದುರ್ಬಲವೂ ಆದದ್ದೇ ಆ ಜಾಗದಲ್ಲಿ ಕಟ್ಟಲ್ಪಟ್ಟಿತ್ತು. ಆ ತುಂಡು ಇಂದಿಗೂ ಸ್ವಿಟ್ಜರ್ಲೆಂಡಿನ ಜರ್ಮಟ್ಟಿನ ವಸ್ತುಸಂಗ್ರಹಾಲಯದಲ್ಲಿದೆ. ಅದರ ಚಿತ್ರವನ್ನು ಗೆಳೆಯ ಜಾತಕದ ಮೊದಲ ಪುಟಕ್ಕೆ ಅಂಟಿಸಿಕೊಂಡಿದ್ದ. ಬೇರೆಯವರಾದರೆ ಅಲ್ಲಿ ಗಣಪತಿಯನ್ನು ಅಂಟಿಸುತ್ತಿದ್ದರು.

ಕಾರ್ತಿಕದಲ್ಲಿ ಅವನ ಊರಿಗೆ ಹೋದೆ. ನಗರದ ಬಾಡಿಗೆಯ ಮನೆಯಿಂದ ಸಾಮಾನೆಲ್ಲ ಅಲ್ಲಿಗೆ ಬಂದಿತ್ತು. ಶೇಂಗಾ ಕಿತ್ತು ಮುಗಿದಿತ್ತು. ಅಂಗಳದಲ್ಲಿ ಅವನ ಅಣ್ಣ ಹೊಟ್ಟನ್ನು ಗಾಡಿಗೆ ಹೇರುತ್ತಿದ್ದರು. ಜಗಲಿಯ ಗೂಟದಲ್ಲಿ ಆ ಹಗ್ಗ ತೂಗುತ್ತಿತ್ತು. ಅರವತ್ತು ಮೀಟರು, ನೀಲಿ ಬಣ್ಣ, ನೋಡುವುದಕ್ಕೆ ಹೊಸದರಂತೆಯೇ. ನನಗಿಂತ ಮುಂಚೆಯೇ ಅವನಿಂದ ಹತ್ತುವುದನ್ನು ಕಲಿತ ಮೂವರು ಹುಡುಗರು ಬಂದು ಕುಳಿತಿದ್ದರು. ಅವರ ಬೇಡಿಕೆ ಒಂದೇ: ಮೇಷ್ಟ್ರ ಹಗ್ಗ ತಮಗೆ ಬೇಕು, ಅವರ ನೆನಪಿಗಾಗಿ ಆ ಹಗ್ಗದಲ್ಲೇ ಸಾವನದುರ್ಗ ಹತ್ತಬೇಕು.

ಅವರಲ್ಲಿ ಒಬ್ಬ ಚೆನ್ನಾಗಿ ಓದಿಕೊಂಡವನು. “1952ರಲ್ಲಿ ತೇನ್‌ಸಿಂಗರ ಜೊತೆ ಎವರೆಸ್ಟ್ ಹತ್ತಹೋಗಿ ಅರ್ಧದಲ್ಲೇ ತಿರುಗಿದ ರೇಮಂಡ್ ಲ್ಯಾಂಬರ್ಟರು ತಮ್ಮ ಕೆಂಪು ಕೊರಳವಸ್ತ್ರ ಕೊಟ್ಟಿದ್ರಲ್ಲ ಸಾರ್, ಮಾರನೆಯ ವರ್ಷ ತೇನ್‌ಸಿಂಗ್ ಅದನ್ನೇ ಸುತ್ತಿಕೊಂಡು ತುದಿ ಮುಟ್ಟಲಿಲ್ಲವೇ?” ಎಂದ. ಮಾತು ನಿಜ, 1953ರ ಮೇ 29ರಂದು ಆ ಸ್ವಿಸ್ ಗೆಳೆಯನ ವಸ್ತ್ರ ತೇನ್‌ಸಿಂಗರ ಕೊರಳಲ್ಲಿಯೇ ಇತ್ತು. ಆ ಮಾತಿಗೆ ನನ್ನ ಗಂಟಲೂ ಒಮ್ಮೆ ಕಟ್ಟಿತು. ಆದರೆ ತೇನ್‌ಸಿಂಗರು ಆ ವಸ್ತ್ರಕ್ಕೆ ಜೋತುಬಿದ್ದು ಹತ್ತಲಿಲ್ಲ.

ಗೂಟದ ಪಕ್ಕದ ಚೀಲದಲ್ಲಿ ಜಾತಕವಿತ್ತು. ತೆಗೆದು ಕೊನೆಯ ಪುಟವನ್ನು ಅವನ ಮುಂದಿಟ್ಟೆ. ಹತ್ತು ವರ್ಷದ ಲೆಕ್ಕ ಹಾಕಿ ಗೆಳೆಯ ಕೆಂಪು ಶಾಯಿಯಲ್ಲಿ ಬರೆದಿದ್ದ: ಈ ದಸರೆಗೆ ನಿವೃತ್ತಿ. ಆ ದಸರೆ ಕಳೆದು ಇಪ್ಪತ್ತು ದಿನವಾಗಿತ್ತು. “ಒಂದೇ ಸಲ ಸಾರ್,” ಎಂದ ಹುಡುಗ. ಆ ಒಂದೇ ಸಲದಲ್ಲಿ ಅವನು ಮೇಲಿರುತ್ತಾನೆ, ಇನ್ನೊಬ್ಬ ಕೆಳಗೆ ಹಗ್ಗ ಹಿಡಿದಿರುತ್ತಾನೆ. ಕೆಳಗಿರುವವನ ಕೈ ಎಷ್ಟು ನಂಬಿಕೆಯದಾದರೇನು, ಕೈಗೂ ಸೊಂಟಕ್ಕೂ ನಡುವೆ ಇರುವುದು ಈ ನೂಲೇ ತಾನೆ?

ಅಷ್ಟರಲ್ಲಿ ಅವನ ತಾಯಿ ಕಾಫಿ ತಂದರು. ಮಾತನ್ನೆಲ್ಲ ಒಳಗಿನಿಂದ ಕೇಳಿಸಿಕೊಂಡಿದ್ದರೆಂದು ತೋರುತ್ತದೆ. “ಹತ್ತಾಕೆ ಬ್ಯಾಡ ಅಂತ ಅವನೇ ಬರೆದವ್ನೆ ಅಂದ್ಮೇಲೆ ಬ್ಯಾಡ ಕಣಪ್ಪ. ಗಟ್ಟಿ ಐತಲ್ಲ, ಗಾಡಿ ಬಿಗಿಯಾಕಾದ್ರೂ ಆಗ್ತೈತೆ,” ಎಂದರು. ಹುಡುಗರು ತಲೆ ತಗ್ಗಿಸಿದರು. ಇಡಿಯಾಗಿ ಉಳಿದರೆ ಇನ್ನೊಂದು ದಿನ ಇನ್ನಾರಿಗೋ ಆಸೆ ಹುಟ್ಟೀತೆಂದು, ಅಲ್ಲಿಯೇ ತುಂಡು ಮಾಡುವುದೆಂದು ನಿಶ್ಚಯವಾಯಿತು.

ಅಣ್ಣ ಮಾರುಗಟ್ಟಲೆ ಅಳೆದುಕೊಟ್ಟರು, ನಾನು ಕುಡುಗೋಲಿನಿಂದ ಕೊಯ್ದೆ. ಸುಲಭದ ಕೆಲಸವಲ್ಲ, ಕವಚ ಬಿಚ್ಚಿ ಒಳಗಿನ ಎಳೆಗಳು ಹೊರಬಂದಾಗ ಮಲ್ಲಿಗೆಯಷ್ಟು ಬಿಳುಪಾಗಿದ್ದವು. ಹುಡುಗ ಅವನ್ನು ಮುಟ್ಟಿ ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ. ನೈಲಾನನ್ನು ಕೊಯ್ದ ತುದಿ ಸುಡದಿದ್ದರೆ ಬಿಚ್ಚಿಹೋಗುತ್ತದೆ. ತಾಯಿ ದೇವರ ಮನೆಯಿಂದ ದೀಪ ತಂದು ಜಗಲಿಯ ಮೇಲಿಟ್ಟರು; ಒಂದೊಂದೇ ತುಂಡಿನ ತುದಿಯನ್ನು ಹುಡುಗರು ಅದಕ್ಕೆ ಹಿಡಿದು ಕರಗಿಸಿದರು. ಜಾತಕವನ್ನು ಓದಿಕೊಂಡವನ ಕೈಗೆ ಕೊಟ್ಟೆ. ಅಣ್ಣ ಎರಡು ತುಂಡು ಸೇರಿಸಿ ಗಾಡಿಯ ಹೊಟ್ಟಿನ ಮೇಲೆ ಬೀಸಿ ಎಸೆದರು. ಆಚೆ ಬದಿಯಲ್ಲಿ ನಿಂತು ನಾನು ತುದಿ ಹಿಡಿದು ಬಿಗಿದೆ.