ಕಾರಿನ ಡಿಕ್ಕಿಗೊಂದು ಮರದ ಪೆಟ್ಟಿಗೆ

ಕಳೆದ ದೀಪಾವಳಿಗೆ ಅವ್ವನನ್ನು ಕರೆದುಕೊಂಡು ಪುಣೆಯಿಂದ ಧಾರವಾಡಕ್ಕೆ ಹೊರಟಿದ್ದೆ. ಖಂಬಾಟಕಿ ಘಾಟ್ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನ ಗಾಲಿ ಪಂಕ್ಚರ್. ಕತ್ತಲಾಗಿತ್ತು. ಜಾಕು, ಪಾನಾ, ಟಾರ್ಚು, ಕೆಂಪು ತ್ರಿಕೋನ ಎಲ್ಲವೂ ಕಾರಿನಲ್ಲೇ ಇದ್ದವು. ಆದರೆ ಡಿಕ್ಕಿಯ ತಳದಲ್ಲಿ, ಸೂಟ್‌ಕೇಸು, ಚಕ್ಕುಲಿ ಡಬ್ಬಿಗಳ ಕೆಳಗೆ. ಎಲ್ಲವನ್ನೂ ಇಳಿಸುವಷ್ಟರಲ್ಲಿ 20 ನಿಮಿಷ. ಅಷ್ಟು ಹೊತ್ತೂ ಲಾರಿಗಳು ನಮ್ಮ ಪಕ್ಕದಲ್ಲೇ ಭರ್ರೆಂದು ಹೋಗುತ್ತಿದ್ದವು. ‘ಸಾಮಾನು ಅದಾವ, ಹೊತ್ತಿಗೆ ಕೈಗೆ ಸಿಗಂಗಿಲ್ಲ ಅಂದ್ರ ಇದ್ದೇನು ಉಪಯೋಗ ತಮ್ಮಾ?’ ಅಂದಳು ಅವ್ವ.

ಆ ಮಾತು ಮನಸ್ಸಿನಲ್ಲಿ ಉಳಿಯಿತು. ಅಂಗಡಿಯ ಪೆಟ್ಟಿಗೆಗಳೆಲ್ಲ ಚೌಕ. ಡಿಕ್ಕಿಯಲ್ಲಿ ಗಾಲಿಯ ಉಬ್ಬಿನ ಪಕ್ಕದ ಮೂಲೆ ಚೌಕವಲ್ಲ. ಬಾಗಿಲ ಕಡೆ ಅಗಲ, ಒಳಗೆ ಕಿರಿದು, ಗೋಡೆಯೂ ಸೊಟ್ಟ. ಟೇಪು ಹಿಡಿದು ಅಳೆದು ನಾನೇ ಒಂದು ಪೆಟ್ಟಿಗೆ ಮಾಡಿದೆ. ಅರ್ಧ ಇಂಚಿಗಾಗಿ ಒಳಗೆ ಕೂರಲಿಲ್ಲ. ನಮ್ಮ ಸೊಸೈಟಿಗೆ ಬರುವ ಸುತಾರ ನೋಡಿ ನಕ್ಕ. ‘ಆಧೀ ಪುಠ್ಠಾ ಕಾಪಾ, ಮಗ ಲಾಕೂಡ್’ ಅಂದ. ಮೊದಲು ರಟ್ಟು ಕತ್ತರಿಸಿ, ಆಮೇಲೆ ಮರ.

ಪಾರ್ಸೆಲ್ ಬಂದ ರಟ್ಟನ್ನೇ ಕತ್ತರಿಸಿ, ಮೂಲೆಯಲ್ಲಿ ಇಟ್ಟು ನೋಡಿ, ಮತ್ತೆ ಕತ್ತರಿಸಿದೆ. ನಾಲ್ಕನೇ ಸಲಕ್ಕೆ ಸರಿಯಾಗಿ ಕೂತಿತು. ಅದನ್ನೇ ಪ್ಲೈವುಡ್ ಮೇಲಿಟ್ಟು ಗೆರೆ ಎಳೆದೆ, ಸುತ್ತಲೂ ಕಾಲು ಇಂಚು ಬಿಟ್ಟು. ಹಲಗೆಯಾದರೆ ಮಳೆಗಾಲದಲ್ಲಿ ಅಗಲಕ್ಕೆ ಉಬ್ಬಿ ಮುಚ್ಚಳ ಬಿಗಿಯಾಗುತ್ತದೆ. ಪ್ಲೈವುಡ್ಡಿನ ಪದರಗಳು ಒಂದಕ್ಕೊಂದು ಅಡ್ಡ ಇರುವುದರಿಂದ ಆ ತೊಂದರೆ ಕಡಿಮೆ. ಜಾಕಿನ ಭಾರಕ್ಕೆ ತಳ 12 ಮಿ.ಮೀ., ಉಳಿದದ್ದು 9. ಅಂಚಿಗೆ ಸ್ಕ್ರೂ ಹಾಕುವ ಮುಂಚೆ ಸಣ್ಣ ತೂತು ಕೊರೆಯಬೇಕು, ಇಲ್ಲದಿದ್ದರೆ ಪದರ ಬಿಡುತ್ತದೆ. ಒಳಗೆ ಅವ್ವನ ಹಳೇ ಕಂಬಳಿಯ ತುಂಡು ಅಂಟಿಸಿದೆ. ಈಗ ಪಾನಾ ಗಲಗಲ ಅನ್ನುವುದಿಲ್ಲ. ಬ್ರೇಕ್ ಹಾಕಿದಾಗ ಪೆಟ್ಟಿಗೆ ಹಾರದಂತೆ ಬೆಲ್ಟಿನಿಂದ ಡಿಕ್ಕಿಯ ಕೊಕ್ಕೆಗೆ ಕಟ್ಟಿದೆ.

ಸ್ಟೆಪ್ನಿ ಡಿಕ್ಕಿಯ ತಳದಲ್ಲೇ ಇರುವುದರಿಂದ ಸಾಮಾನು ಇಳಿಸುವುದು ತಪ್ಪುವುದಿಲ್ಲ. ಆದರೆ ಇಳಿಸುವ ಮೊದಲೇ ತ್ರಿಕೋನ ರಸ್ತೆಗೆ ಹೋಗಬೇಕು, ಕಾರಿನಿಂದ ಕನಿಷ್ಠ 50 ಮೀಟರ್ ಹಿಂದಕ್ಕೆ. ಅದಕ್ಕೇ ಪೆಟ್ಟಿಗೆಯಲ್ಲಿ ತ್ರಿಕೋನ, ಟಾರ್ಚು ಎಲ್ಲಕ್ಕಿಂತ ಮೇಲೆ; ಕೆಳಗೆ ಪಾನಾ, ಅದರ ಕೆಳಗೆ ಜಾಕು. ನೀವು ಪೆಟ್ಟಿಗೆ ಮಾಡದಿದ್ದರೂ ಸರಿ, ಊರಿಗೆ ಹೊರಡುವ ಮುನ್ನ ನಿಮ್ಮ ತ್ರಿಕೋನ ಎಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳಿ.

ಮೊನ್ನೆ ಪಾರ್ಕಿಂಗಿನಲ್ಲಿ ಡಿಕ್ಕಿ ತುಂಬಿಸಿ, ದೀಪ ಆರಿಸಿ, ತ್ರಿಕೋನ ತೆಗೆಯಲು ಅವ್ವನಿಗೇ ಹೇಳಿದೆ. ಒಂದು ನಿಮಿಷವೂ ಆಗಲಿಲ್ಲ. ‘ಈಗ ಹೊಂಡೂಣು ನಡಿ’ ಅಂದಳು. ಪೆಟ್ಟಿಗೆಯಲ್ಲಿ ಉಳಿದಿದ್ದ ಚೂರು ಜಾಗದಲ್ಲಿ ತನ್ನ ಮೊಣಕಾಲಿನ ಎಣ್ಣೆ ಬಾಟಲಿಯನ್ನೂ ಇಟ್ಟಳು.